ಹೂ ಬಿಡುವ ಮುಂಚೆ ಕಿತ್ತುಬಿಡಿ: ಬೀಳು ಹೊಲಕ್ಕೆ ಮರಳುವವರಿಗೆ ಕಿವಿಮಾತು

ಅಪ್ಪ-ಅಮ್ಮನಿಗೆ ವಯಸ್ಸಾಯಿತು, ಮಕ್ಕಳು ದಾವಣಗೆರೆಗೋ ಬೆಂಗಳೂರಿಗೋ ಹೋದರು, ಪಾಲಿಗೆ ಮಾಡುತ್ತಿದ್ದವರೂ ಕೈಬಿಟ್ಟರು. ಹೀಗೆ ಎರಡು ಮೂರು ಮಳೆಗಾಲ ಕಳೆದರೆ ಸಾಕು, ಚನ್ನಗಿರಿಯ ತೋಟದ ಅಂಚಿರಲಿ, ಹೊನ್ನಾಳಿಯ ಗದ್ದೆಯಿರಲಿ, ನ್ಯಾಮತಿಯ ಮೆಕ್ಕೆಜೋಳದ ಹೊಲವಿರಲಿ, ಜಗಳೂರಿನ ಮಳೆ ನಂಬಿದ ನೆಲವಿರಲಿ, ಬದು ಯಾವುದು ಹೊಲ ಯಾವುದು ಗೊತ್ತಾಗದಷ್ಟು ಕಸ ಮುಚ್ಚಿಕೊಳ್ಳುತ್ತದೆ. ಈಗ ನೀವು ಮತ್ತೆ ಬೇಸಾಯಕ್ಕೆ ಮನಸ್ಸು ಮಾಡಿದ್ದೀರಿ, ಸಂತೋಷ. ಆದರೆ ನಿಮ್ಮಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲ ವಾರ ಜೆಸಿಬಿ ತರಿಸುತ್ತೀರಿ, ಎರಡನೇ ವಾರ ಔಷಧಿ ಅಂಗಡಿಗೆ ಓಡುತ್ತೀರಿ, ಮೂರನೇ ವಾರ ಯಾರದ್ದೋ ಮದುವೆ, ಯಾವುದೋ ಜಾತ್ರೆ ಅಂತ ಮರೆತುಬಿಡುತ್ತೀರಿ. ಕಳೆ ಮಾತ್ರ ಮರೆಯುವುದಿಲ್ಲ. ಅದಕ್ಕೇ ಈ ಮಾತುಗಳು. ಇದರಲ್ಲಿ ಖರ್ಚು ಕಡಿಮೆ, ನೆನಪು ಜಾಸ್ತಿ ಬೇಕು.

ನೆಲಕ್ಕೆ ಕೈ ಹಚ್ಚುವ ಮುಂಚೆ

• ಮೊದಲ ದಿನ ಕುಡುಗೋಲು ಮನೆಯಲ್ಲೇ ಬಿಟ್ಟು ಹೋಗಿ. ಬದುವಿನ ಉದ್ದಕ್ಕೂ ಒಂದು ಸುತ್ತು ನಡೆದು ಎಲ್ಲಿ ಯಾವ ಕಸ ಇದೆ ನೋಡಿಕೊಂಡು ಬನ್ನಿ. ಪಾರ್ಥೇನಿಯಂಗೆ ಮಾಡುವ ಉಪಾಯ ಜೇಕಿಗೆ ನಡೆಯುವುದಿಲ್ಲ, ಜೇಕಿಗೆ ಮಾಡಿದ್ದು ಜಾಲಿಗೆ ನಾಟುವುದಿಲ್ಲ.

• ಪ್ರತಿ ಜಾತಿಯ ಒಂದೊಂದು ಗಿಡವನ್ನು ಬೇರು ಸಮೇತ ಕಿತ್ತು ನೋಡಿ. ಬರೀ ಬೇರಿದ್ದರೆ ಅದು ಬೀಜದಿಂದ ಹಬ್ಬುವ ಕಸ, ಹೂವಿಗೆ ಮುಂಚೆ ಕಿತ್ತರೆ ಸೋಲುತ್ತದೆ. ಬುಡದಲ್ಲಿ ಗಡ್ಡೆಯೋ ಗಿಣ್ಣುಗಿಣ್ಣಿಗೆ ಬೇರು ಬಿಟ್ಟ ಬಳ್ಳಿಯೋ ಸಿಕ್ಕರೆ ಅದಕ್ಕೆ ಬೇಸಿಗೆಯ ಬಿಸಿಲೇ ಆಗಬೇಕು.

• ಎಕರೆಗಟ್ಟಲೆ ಒಂದೇ ಸಲ ಬಿಚ್ಚಬೇಡಿ. ನಿಮ್ಮ ಕೈಲಿ ನೋಡಿಕೊಳ್ಳಲು ಆಗುವಷ್ಟು, ಐದು ಗುಂಟೆಯೋ ಹತ್ತು ಗುಂಟೆಯೋ, ಪೂರ್ತಿ ಹಸನು ಮಾಡಿ. ಅಲ್ಲಿ ಬೆಳೆ ನಿಂತ ಮೇಲೆ ಮುಂದಕ್ಕೆ ಹೋಗಿ. ಬರಿ ನೆಲ ಬಿಚ್ಚಿಟ್ಟರೆ ಮೊದಲ ಮಳೆಗೇ ಪಾರ್ಥೇನಿಯಂ ಬಂದು ಕೂರುತ್ತದೆ.

• ಕಸ ಕಡಿಮೆ ಇರುವ ಕಡೆಯಿಂದ ಶುರು ಮಾಡಿ, ದಟ್ಟವಾಗಿರುವ ಕಡೆಗೆ ನಿಧಾನಕ್ಕೆ ಹೋಗಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ದಟ್ಟ ಇರುವಲ್ಲಿ ಮೊದಲು ನುಗ್ಗಿದರೆ ಕೂಲಿ ದುಡ್ಡು ಅಲ್ಲೇ ಮುಗಿಯುತ್ತದೆ, ಅಷ್ಟರಲ್ಲಿ ಚೆನ್ನಾಗಿದ್ದ ಮೂಲೆಯೂ ಕೆಟ್ಟಿರುತ್ತದೆ.

• ಈ ವರ್ಷ ಮುಟ್ಟಲಾಗದ ಭಾಗವನ್ನು ಹಾಗೇ ಮರೆಯಬೇಡಿ. ಕಸ ಮೊಗ್ಗು ಕಟ್ಟುವ ಹೊತ್ತಿಗೆ ಒಮ್ಮೆ, ಮತ್ತೆ ಚಿಗುರಿ ಮೊಗ್ಗು ಬಂದಾಗ ಇನ್ನೊಮ್ಮೆ ಕೊಚ್ಚಿಸಿ. ಬೇರು ಹೋಗದಿದ್ದರೂ ಹೊಸ ಬೀಜ ಬೀಳುವುದು ತಪ್ಪುತ್ತದೆ, ಮುಂದಿನ ವರ್ಷದ ಅರ್ಧ ಕೆಲಸ ಉಳಿಯುತ್ತದೆ.

• ಬೆಂಕಿ ಹಚ್ಚಬೇಡಿ. ಮೇಲಿನ ಸೊಪ್ಪು ಸುಟ್ಟು ನೆಲ ಕಪ್ಪಗಾದರೆ ಹಸನಾಯಿತು ಅನ್ನಿಸುತ್ತದೆ, ಅಷ್ಟೇ. ನೆಲದೊಳಗಿನ ಜೇಕಿನ ಗಡ್ಡೆಗೆ ಬಿಸಿ ತಾಗುವುದಿಲ್ಲ, ಜಾಲಿ ಮತ್ತು ಲಂಟಾನದ ಬುಡ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಪಕ್ಕದವರ ಬಣವೆ, ಹನಿ ನೀರಾವರಿಯ ಪೈಪು ಸುಟ್ಟರೆ ಆ ಜಗಳ ಬೇರೆ.

ಪಾರ್ಥೇನಿಯಂ

ನಮ್ಮ ಕಡೆ ಕಾಂಗ್ರೆಸ್ ಗಿಡ ಅಂತಲೇ ಕರೆಯುತ್ತಾರೆ. ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯ ಸುತ್ತ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಅಂತ ಘೋಷಿಸಿತು. ಆದರೂ ಇವತ್ತು ಹೊನ್ನಾಳಿಯಿಂದ ಜಗಳೂರಿನವರೆಗೆ ರಸ್ತೆಯ ಎರಡೂ ಬದಿ ಇದೇ ನಿಂತಿದೆ. ಒಂದು ಒಳ್ಳೆ ಗಿಡ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ಬೀಜ ಉದುರಿಸುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ನಾನು ಹೇಳುವುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

• ಬಿಳಿ ಹೂ ಕಾಣುವ ಮುಂಚೆ ಕೀಳಿ. ಮೊಳೆತು ಒಂದು ತಿಂಗಳಿಗೆಲ್ಲ ಹೂ ಬಿಡುವ ಗಿಡ ಇದು. "ಈ ಭಾನುವಾರ ಬೇಡ, ಮುಂದಿನ ಭಾನುವಾರ ನೋಡೋಣ" ಅಂದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

• ಮಳೆ ಬಿದ್ದ ಮಾರನೇ ದಿನ ಬೆಳಗ್ಗೆ ಹೋಗಿ. ಹಸಿ ನೆಲದಲ್ಲಿ ಬೇರು ಸಮೇತ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ಕಾಂಡ ಕಿತ್ತು ಕೈಗೆ ಬರುತ್ತದೆ, ಬುಡ ಅಲ್ಲೇ ಉಳಿದು ನಾಲ್ಕು ಕವಲು ಒಡೆಯುತ್ತದೆ.

• ಬರಿಗೈಯಲ್ಲಿ ಮುಟ್ಟಬೇಡಿ. ತುಂಬು ತೋಳಿನ ಅಂಗಿ, ಕೈಗವಸು, ಮೂಗಿಗೆ ಬಟ್ಟೆ. ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಕಟ್ಟಿಕೊಳ್ಳಿ. ಈ ಗಿಡ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೆಲವರಿಗೆ ಉಬ್ಬಸ ಎಬ್ಬಿಸುತ್ತದೆ. ಒಮ್ಮೆ ಮೈಗೆ ಹತ್ತಿದವರಿಗೆ ಆಮೇಲೆ ಹತ್ತಿರ ಸುಳಿದರೂ ಕಾಟ ತಪ್ಪುವುದಿಲ್ಲ. ಅಂಥವರು ಮನೆಯಲ್ಲಿದ್ದರೆ ಕೀಳುವ ದಿನ ಅವರನ್ನು ಹೊಲಕ್ಕೆ ಕರೆಯಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ.

• ಮನೆಗೆ ಬಂದ ಮೇಲೆ ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳ ಬಟ್ಟೆಯ ಜೊತೆ ಬಕೆಟ್ಟಿಗೆ ಹಾಕುವ ಅಭ್ಯಾಸ ಬಿಡಿ.

• ಹೂ ಬಿಡದ ಗಿಡ ಒಳ್ಳೆಯ ಗೊಬ್ಬರ. ಸುಮಾರು ಮೂರು ಅಡಿ ಆಳದ ಗುಂಡಿ ತೆಗೆಸಿ, ಒಂದು ಪದರ ಗಿಡ, ಮೇಲೆ ಸಗಣಿ ಬಗ್ಗಡ, ಅದರ ಮೇಲೆ ಮಣ್ಣು, ಹೀಗೆ ತುಂಬಿಸಿ ಮುಚ್ಚಿ. ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಕೈಗೆ ಬರುತ್ತದೆ. ದುಡ್ಡು ಕೊಟ್ಟು ಕೀಳಿಸಿದ್ದನ್ನು ರಸ್ತೆಗೆ ಎಸೆದು, ಗೊಬ್ಬರಕ್ಕೆ ಮತ್ತೆ ದುಡ್ಡು ಯಾಕೆ ಕೊಡುತ್ತೀರಿ?

• ಹೂ ಬಿಟ್ಟಿದ್ದರೆ ತಿಪ್ಪೆಗೆ ಹಾಕಬೇಡಿ. ಮನೆಯ ತಿಪ್ಪೆ ಎಲ್ಲ ಕಡೆ ಒಂದೇ ಸಮ ಬಿಸಿಯಾಗುವುದಿಲ್ಲ, ಅಂಚಿನ ಬೀಜ ಜೀವ ಹಿಡಿದು ಗೊಬ್ಬರದ ಜೊತೆ ಹೊಲಕ್ಕೆ ಬರುತ್ತದೆ. ಅಲುಗಿಸದೆ ಚೀಲಕ್ಕೆ ತುಂಬಿ, ಬೇರೆ ಗುಂಡಿಯಲ್ಲಿ ಆಳಕ್ಕೆ ಹೂಳಿ.

• ಎಮ್ಮೆ-ಹಸು ಇದನ್ನು ಮೇಯದ ಹಾಗೆ ನೋಡಿಕೊಳ್ಳಿ. ಹಸಿವಿಗೆ ತಿಂದರೆ ಹಾಲು ಕಹಿಯಾಗುತ್ತದೆ, ಡೇರಿಯಲ್ಲಿ ನಿಮ್ಮ ಕ್ಯಾನ್ ವಾಪಸ್ ಬರುತ್ತದೆ.

• ಎಲೆಯ ಮೇಲೆ ಕೆನೆ ಬಣ್ಣದ, ಕಂದು ಗೆರೆಗಳ ಪುಟ್ಟ ದುಂಬಿ ಕಂಡರೆ ಅದನ್ನು ಕೊಲ್ಲಬೇಡಿ. 1980ರ ದಶಕದಲ್ಲಿ ಮೆಕ್ಸಿಕೋದಿಂದ ತರಿಸಿ, ಬೆಂಗಳೂರಿನ ವಿಜ್ಞಾನಿಗಳು ಪಾರ್ಥೇನಿಯಂ ತಿನ್ನಲೆಂದೇ ಬಿಟ್ಟ ದುಂಬಿ ಅದು. ಮುಂಗಾರಿನಲ್ಲಿ ಎಲೆ ಬೋಳು ಮಾಡುತ್ತದೆ, ಒಣಗಾಲದಲ್ಲಿ ಮಣ್ಣೊಳಗೆ ಮಲಗುತ್ತದೆ. ಪಕ್ಕದೂರಿನಲ್ಲಿ ಹೆಚ್ಚಾಗಿ ಕಂಡರೆ ಗಾಳಿಯಾಡುವ ಡಬ್ಬಿಯಲ್ಲಿ ಹಿಡಿದು ತಂದು ನಿಮ್ಮ ಬೀಳು ಭಾಗಕ್ಕೆ ಬಿಡಿ. ಪುಕ್ಕಟೆ ಆಳು. ಆದರೆ ಅದೊಂದನ್ನೇ ನಂಬಿ ಕೂರಬೇಡಿ, ಮಳೆ ತಡವಾದ ವರ್ಷ ದುಂಬಿಯೂ ತಡ.

• ಉಪ್ಪು ನೀರು ಹೊಡೆದರೆ ಸಾಯುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಸಾಯುವುದು ನಿಜ. ಆದರೆ ಹದಿನೈದು ಇಪ್ಪತ್ತು ಲೀಟರಿನ ಕ್ಯಾನಿಗೆ ಮೂರು ಕಿಲೋ ಉಪ್ಪು ಕರಗಿಸಿ ಹೊಡೆಯುವ ಆ ಉಪಾಯ ಬೆಳೆ ಬೆಳೆಯದ ಕಲ್ಲು ಜಾಗಕ್ಕೆ ಮಾತ್ರ. ಹೊಲದೊಳಗೆ ಮಾಡಬೇಡಿ, ಮಣ್ಣೇ ಉಪ್ಪಾಗುತ್ತದೆ.

ಜೇಕು, ಗರಿಕೆ

ಇವೆರಡರ ವಿಷಯದಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಜೇಕನ್ನು ಕೆಲವರು ಕೊನ್ನಾರಿ ಗಡ್ಡೆ ಅನ್ನುತ್ತಾರೆ. ಮೇಲೆ ನಾಲ್ಕು ಎಲೆ, ಒಳಗೆ ಸರಪಳಿ ಕಟ್ಟಿದ ಗಡ್ಡೆಗಳು. ಮೇಲಿನ ಎಲೆ ಕಿತ್ತು ಮುಗಿಯಿತು ಅಂದುಕೊಂಡವರೇ ಹೆಚ್ಚು. ವಾರದೊಳಗೆ ಮತ್ತೆ ಸೂಜಿ ಹೊರಗೆ ಬಂದಿರುತ್ತದೆ.

• ಜೇಕು ತುಂಬಿದ ನೆಲಕ್ಕೆ ಹಸಿಯಿದ್ದಾಗ ರೋಟವೇಟರ್ ಹೊಡೆಸಬೇಡಿ. ಸರಪಳಿ ಕತ್ತರಿಸಿ ಒಂದೊಂದು ಗಡ್ಡೆಯೂ ಬೇರೆ ಬೇರೆಯಾಗಿ ಮೊಳೆಯುತ್ತದೆ. ಒಂದು ಮೂಲೆಯಲ್ಲಿದ್ದ ಕಸ ಹೊಲದ ತುಂಬ ಹರಡುವುದು ಹೀಗೆಯೇ. ಬಾಡಿಗೆಯೂ ನಿಮ್ಮದೇ.

• ಯುಗಾದಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ, ನೆಲ ಒಣಗಿರುವಾಗ ಅರ್ಧ ಅಡಿಗಿಂತ ಆಳಕ್ಕೆ ನೇಗಿಲು ಹೊಡೆಸಿ. ಗಡ್ಡೆಯಲ್ಲಿ ಹೆಚ್ಚಿನ ಪಾಲು ಅಷ್ಟರೊಳಗೇ ಇರುತ್ತದೆ. ಹೆಂಟೆ ಒಡೆಯದೆ ಹಾಗೇ ಬಿಡಿ. ಏಪ್ರಿಲ್ ಬಿಸಿಲಿಗೆ ಗಡ್ಡೆ ಒಣಗಿ ಸುಕ್ಕಾದರೆ ಮತ್ತೆ ಮೊಳೆಯುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಅಡ್ಡಡ್ಡ ಇನ್ನೊಮ್ಮೆ ಹೊಡೆಸಿ, ಒಳಗೆ ಉಳಿದದ್ದು ಮೇಲೆ ಬರಲಿ.

• ಉಳುಮೆ ಮಾಡಿಸಿದ ದಿನ ಮೋಡ ಕಟ್ಟಿದ್ದರೆ ಗಡ್ಡೆಯನ್ನು ಆರಿಸಿ ಹೊರಗೆ ಹಾಕಿ. ಮಳೆ ಬಿದ್ದರೆ ಉಳುಮೆಯೆಲ್ಲ ಜೇಕಿಗೇ ಅನುಕೂಲ.

• ಆರಿಸಿದ ಗಡ್ಡೆಯನ್ನು ಬದುವಿಗೆ ಎಸೆಯಬೇಡಿ. ಕಣದಲ್ಲೋ ಬಂಡೆ ಮೇಲೋ ಹರವಿ, ಕೈಯಲ್ಲಿ ಮುರಿದರೆ ಪುಡಿಯಾಗುವಷ್ಟು ಒಣಗಿಸಿ. ಬದುವಿನ ಹಸಿಯಲ್ಲಿ ಬಿದ್ದರೆ ಶ್ರಾವಣಕ್ಕೆ ಮತ್ತೆ ಒಳಗೆ ಬರುತ್ತದೆ.

• ಬೆಳೆ ಇರುವಾಗ ಜೇಕನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಿರಿ, ತಿಂಗಳಿಗೊಮ್ಮೆ ಸಾಲದು. ಮೊಳೆತು ಮೂರು ನಾಲ್ಕು ವಾರಕ್ಕೆ ಅದು ಹೊಸ ಗಡ್ಡೆ ಕಟ್ಟುತ್ತದೆ. ಅದಕ್ಕೆ ಮುಂಚೆ ಎಲೆ ಹೋದರೆ ಹಳೇ ಗಡ್ಡೆಯ ಸತ್ವ ಸೋರಿ ಸೋರಿ ಸೊರಗುತ್ತದೆ. ಮೊದಲ ಎರಡು ಸಲ ಏನೂ ಫಲ ಕಾಣುವುದಿಲ್ಲ. ಆಗಲೇ ಬಹಳ ಜನ ಕೈಬಿಡುವುದು. ನೀವು ಬಿಡಬೇಡಿ.

• ಜೇಕಿಗೆ ನೆರಳು ಆಗುವುದಿಲ್ಲ. ಅಲಸಂದೆ, ಸೆಣಬು, ಗೆಣಸಿನಂತೆ ನೆಲ ಮುಚ್ಚುವ ಬೆಳೆಯನ್ನು ಒತ್ತಾಗಿ ಹಾಕಿ. ಅಂಥ ಜಾಗಕ್ಕೆ ಮೊದಲ ವರ್ಷವೇ ಈರುಳ್ಳಿ ಹಾಕಬೇಡಿ. ಈರುಳ್ಳಿಯ ಎಲೆ ನೆಲಕ್ಕೆ ನೆರಳು ಕೊಡುವುದಿಲ್ಲ, ಕಸ ತೆಗೆಸುವ ಕೂಲಿಯೇ ಬೆಳೆಯ ದುಡ್ಡು ತಿನ್ನುತ್ತದೆ.

• ಗರಿಕೆಯನ್ನು ಪಿಕಾಸಿಯಲ್ಲಿ ಎಬ್ಬಿಸಿ, ಬಳ್ಳಿಯನ್ನು ಉದ್ದಕ್ಕೆ ಎಳೆದು ಸುತ್ತಿ ತೆಗೆಯಿರಿ. ತುಂಡು ಮಾಡಬೇಡಿ, ಒಂದು ಗಿಣ್ಣು ಉಳಿದರೂ ಬೇರು ಬಿಡುತ್ತದೆ. ಗಣಪತಿಗೆ ಬೇಕೆಂದು ಬದುವಿನ ಮೇಲೆ ಒಂದು ಮಾರು ಬಿಟ್ಟುಕೊಂಡರೆ ಸಾಕು. ಬದುವಿನ ಮಣ್ಣು ಹಿಡಿಯಲು ಅದು ಒಳ್ಳೆಯದೇ, ಹೊಲಕ್ಕೆ ಇಳಿಯದ ಹಾಗೆ ವರ್ಷಕ್ಕೊಮ್ಮೆ ಸಲಿಕೆಯಲ್ಲಿ ಅಂಚು ಕತ್ತರಿಸಿ.

• ಹಿತ್ತಲಿನ ಕಾಯಿಪಲ್ಲೆ ಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವವರು ಬಿಳಿ, ಒಳಗೆ ಕಾಣುವ ಹಾಳೆಯನ್ನೇ ತನ್ನಿ. ನೆಲಕ್ಕೆ ನೀರು ಕೊಟ್ಟು, ಹಾಳೆ ಬಿಗಿಯಾಗಿ ಎಳೆದು, ಅಂಚಿಗೆ ಮಣ್ಣು ಮುಚ್ಚಿ, ಏಪ್ರಿಲ್-ಮೇನಲ್ಲಿ ನಾಲ್ಕರಿಂದ ಆರು ವಾರ ಬಿಡಿ. ಸಣ್ಣ ಬೀಜದ ಕಸವೆಲ್ಲ ಒಳಗೇ ಬೇಯುತ್ತದೆ. ಜೇಕಿನ ಗಡ್ಡೆ ಮಾತ್ರ ಇದಕ್ಕೆ ಪೂರ್ತಿ ಬಗ್ಗುವುದಿಲ್ಲ, ಅದನ್ನು ಮೊದಲೇ ಆರಿಸಿಡಿ. ಹಾಳೆಯನ್ನು ಜೋಪಾನವಾಗಿ ಮಡಚಿಟ್ಟರೆ ಮುಂದಿನ ಬೇಸಿಗೆಗೂ ಬರುತ್ತದೆ.

ಬಳ್ಳಾರಿ ಜಾಲಿ, ಲಂಟಾನ

• ಜಾಲಿಯನ್ನು ನೆಲಮಟ್ಟಕ್ಕೆ ಕಡಿದು ಬರಬೇಡಿ. ಒಂದು ಕಾಂಡ ಇದ್ದಲ್ಲಿ ಐದು ಬರುತ್ತವೆ. ಬುಡದ ಸುತ್ತ ಮಣ್ಣು ಬಿಡಿಸಿ, ಚಿಗುರು ಒಡೆಯುವ ಗಂಟು ಪೂರ್ತಿ ಹೊರಗೆ ಬರುವ ಹಾಗೆ, ಒಂದಡಿ ಕೆಳಗೆ ಬೇರು ಕತ್ತರಿಸಿ. ಜೆಸಿಬಿ ಕರೆಸುವುದಾದರೆ ಈ ಕೆಲಸಕ್ಕೆ ಕರೆಸಿ, ಬೇರು ಎಬ್ಬಿಸುವ ತನಕ ಹತ್ತಿರವೇ ನಿಂತು ಮಾಡಿಸಿ. ನೀವು ನೆರಳಿಗೆ ಹೋದರೆ ಮೇಲಿಂದ ಮೇಲೆ ಸವರಿ ಗಂಟೆ ಲೆಕ್ಕ ಮುಗಿಸುತ್ತಾರೆ.

• ಎಳೆ ಸಸಿಯನ್ನು ಕಂಡ ದಿನವೇ ಕೀಳಿ. ಗೇಣುದ್ದ ಇರುವಾಗ ಹಸಿ ನೆಲದಲ್ಲಿ ಎರಡು ಬೆರಳಿಗೆ ಬರುತ್ತದೆ, ಎರಡು ವರ್ಷ ಬಿಟ್ಟರೆ ಹಾರೆ ಬೇಕು.

• ಗಟ್ಟಿ ಅಟ್ಟೆಯ ಚಪ್ಪಲಿ ಇಲ್ಲದೆ ಜಾಲಿ ಕಡಿದ ಜಾಗಕ್ಕೆ ಹೋಗಬೇಡಿ. ಕಾಲಿಗೆ ಮುಳ್ಳು ಮುರಿದರೆ ಕೀವಾಗುತ್ತದೆ. ಬಿದ್ದ ಮುಳ್ಳನ್ನು ಅದೇ ದಿನ ಗುಡ್ಡೆ ಹಾಕಿಸಿ, ಎತ್ತಿನ ಗೊರಸಿಗೂ ಟ್ರ್ಯಾಕ್ಟರ್ ಟೈರಿಗೂ ಅದೇ ಮುಳ್ಳು.

• ಕುರಿ-ಮೇಕೆಗೆ ಜಾಲಿ ಕಾಯಿ ಹಾಕುವುದಾದರೆ ಒಣಗಿಸಿ ಕುಟ್ಟಿ ಪುಡಿ ಮಾಡಿ, ಅದೂ ಬೇರೆ ಮೇವಿನ ಜೊತೆ ಸ್ವಲ್ಪ. ಇಡೀ ಕಾಯಿ ತಿಂದರೆ ಬೀಜ ಹೊಟ್ಟೆಯಲ್ಲಿ ಸಾಯದೆ ಹಿಕ್ಕೆಯ ಜೊತೆ ಬಿದ್ದು ಇನ್ನೂ ಚೆನ್ನಾಗಿ ಮೊಳೆಯುತ್ತದೆ.

• ಜಗಳೂರು ಕಡೆಯವರು ಇದನ್ನು ಕಿವಿಗೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಹೊಲಕ್ಕೆ ಕುರಿ ಮಂದೆ ನಿಲ್ಲಿಸುವ ಮುಂಚೆ, ಹಿಂದಿನ ವಾರ ಎಲ್ಲಿ ಮೇಯಿಸಿದರು ಅಂತ ಕುರಿಗಾರರನ್ನು ಕೇಳಿ. ಜಾಲಿ ಕಾಯಿ ಉದುರಿದ ಕೆರೆಯಂಗಳದಿಂದ ನೇರ ಬಂದಿದ್ದರೆ ಮೂರು ನಾಲ್ಕು ದಿನ ಬೇರೆ ಕಡೆ ಮೇಯಿಸಿ ಬರಲು ಹೇಳಿ. ಕುರಿ ಗೊಬ್ಬರ ಚಿನ್ನದಂಥದ್ದೇ, ಅದರ ಜೊತೆ ಜಾಲಿ ಬಿತ್ತನೆ ಆಗಬಾರದು.

• ಕೆರೆಯಂಗಳದ, ಗೋಮಾಳದ ಜಾಲಿಗೆ ಪಂಚಾಯಿತಿಯನ್ನು ಕೇಳದೆ ಕೊಡಲಿ ಹಾಕಬೇಡಿ. ಜಾಗ ಯಾರದ್ದೆಂದು ಮೊದಲು ತಿಳಿದುಕೊಳ್ಳಿ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆಗೆ ಇಷ್ಟೆಲ್ಲ ಖರ್ಚಾಗಿದೆ. ಕೆರೆಯಂಗಳ ಹಸನಾಗಿದ್ದರೆ ಅಲ್ಲವೇ ಆ ನೀರಿಗೆ ಜಾಗ? ಊರವರೆಲ್ಲ ಸೇರಿ ಗ್ರಾಮಸಭೆಯಲ್ಲಿ ಕೇಳಿ, ಬರೆಸಿ, ಸಹಿ ಹಾಕಿಸಿ.

• ಲಂಟಾನದ ಬುಡವನ್ನು ನಾಲ್ಕು ಬೆರಳು ಮಣ್ಣಿನ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡಿ. ನೆಟ್ಟಗೆ ನೆಲಕ್ಕೆ ತಾಗಿಸಿಟ್ಟರೆ ಕಾಂಡದಿಂದಲೇ ಬೇರು ಬಿಡುತ್ತದೆ.

• ಲಂಟಾನ ಕಿತ್ತ ಮೇಲೆ ಹಕ್ಕಿ ಕೂರುವ ಮರದ ಬುಡ, ಬೇಲಿಯ ಸಾಲು ನೋಡುತ್ತಿರಿ. ಕಪ್ಪು ಹಣ್ಣು ತಿಂದ ಪಿಕಳಾರ ಬೀಜ ಹಾಕುವುದು ಅಲ್ಲೇ. ದನಗಳನ್ನು ಆ ಪೊದೆಯ ಹತ್ತಿರ ಕಟ್ಟಬೇಡಿ, ಎಲೆ ತಿಂದರೆ ಲಿವರ್ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

• ಕಡಿದ ಲಂಟಾನ ಕೋಲನ್ನು ಬಿಸಾಡಬೇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಲ್ಲೇ ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ. ನಿಮಗೆ ಅಷ್ಟು ಆಗದಿದ್ದರೂ ಅವರೆ ಬಳ್ಳಿಗೆ, ಟೊಮೆಟೊಗೆ ಊರುಗೋಲಾಗುತ್ತದೆ. ಪೂರ್ತಿ ಒಣಗಿದ ಮೇಲೆ ನೆಡಿ.

ಗದ್ದೆ, ತೋಟ, ಕಾಲುವೆ

• ಭದ್ರಾ ಕಾಲುವೆಗೆ ನೀರು ಬಿಡುವ ಮುಂಚೆಯೇ ಹೊಲಗಾಲುವೆಯ ಕಸ ತೆಗೆಯಿರಿ. ನೀರು ಬಂದ ಮೇಲೆ ತೆಗೆದರೆ ಬೀಜ ತೇಲಿ ಕೆಳಗಿನವರ ಗದ್ದೆಗೆ ಹೋಗುತ್ತದೆ. ನಿಮ್ಮ ಮಡಿಗೆ ನೀರು ಬರುವ ಬಾಯಿಗೆ ಹಳೇ ಸೊಳ್ಳೆ ಪರದೆ ತುಂಡು ಕಟ್ಟಿ, ಎರಡು ದಿನಕ್ಕೊಮ್ಮೆ ಕೊಡವಿ.

• ಭತ್ತದ ಪೈರಿನ ಹಾಗೇ ಕಾಣುವ ಹುಲ್ಲನ್ನು ಬೇಗ ಗುರುತಿಸಿ. ಎಲೆ ಕಾಂಡಕ್ಕೆ ಸೇರುವ ಜಾಗ ನೋಡಿ: ಭತ್ತಕ್ಕೆ ಅಲ್ಲಿ ಬಿಳಿ ತೆಳು ಪೊರೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ತೆನೆ ಬಂದ ಮೇಲೆ ಗೊತ್ತಾದರೆ ಬೀಜ ಆಗಲೇ ಉದುರಿರುತ್ತದೆ.

• ನಾಟಿ ಮಾಡಿದ ಮೇಲೆ ಗದ್ದೆಯಲ್ಲಿ ಎರಡು ಬೆರಳು ನೀರು ನಿಲ್ಲಿಸಿ. ಮಟ್ಟ ಸರಿಯಿಲ್ಲದ ಗದ್ದೆಯಲ್ಲಿ ಏರು ಭಾಗ ಒಣಗಿ ಅಲ್ಲೇ ಕಸ ಏಳುತ್ತದೆ, ಹಲಗೆ ಹೊಡೆಯುವಾಗ ಸೋಮಾರಿತನ ಬೇಡ.

• ಅಡಿಕೆ ತೋಟದಲ್ಲಿ ಗುದ್ದಲಿ ಆಳಕ್ಕೆ ಹಾಕಬೇಡಿ. ಅಡಿಕೆಯ ಬೇರು ಮೇಲೇ ಹರಡಿರುತ್ತದೆ, ಬೇರಿಗೆ ಪೆಟ್ಟಾದರೆ ಮರ ಸೊರಗುತ್ತದೆ. ಕಸ ಕೊಚ್ಚುವ ಯಂತ್ರದಲ್ಲಿ ಸವರಿ ಅಲ್ಲೇ ಹಾಸಿ. ಮೇಲೆ ಸೋಗೆ ಹರಡಿದರೆ ಹಸಿಯೂ ಉಳಿಯುತ್ತದೆ, ಹೊಸ ಕಸವೂ ಕಡಿಮೆ. ಯಂತ್ರ ಓಡಿಸುವ ಹುಡುಗನಿಗೆ ಡ್ರಿಪ್ ಪೈಪು ಎಲ್ಲಿದೆ ಅಂತ ಮೊದಲು ತೋರಿಸಿ.

• ನ್ಯಾಮತಿಯಿಂದ ಮಲೆನಾಡಿನ ಕಡೆಗೆ ಬೇಲಿಗಳಲ್ಲಿ ಯುಪಟೋರಿಯಂ ಜಾಸ್ತಿ. ಹೂವಿಗೆ ಮುಂಚೆ ಕೊಯ್ದು ಅಡಿಕೆ ಬುಡಕ್ಕೆ ಸೊಪ್ಪಾಗಿ ಹಾಕಿ. ಹೂ ಒಣಗಿದ ಮೇಲೆ ತಂದರೆ ಗಾಳಿಗೆ ಹಾರುವ ಬೀಜವನ್ನು ತೋಟಕ್ಕೆ ನೀವೇ ಹೊತ್ತು ತಂದ ಹಾಗಾಯಿತು.

• ಕೆರೆಯಿಂದ ತೆಗೆದ ಅಂತರಗಂಗೆಯನ್ನು ನೀರಿನ ಅಂಚಿನಲ್ಲಿ ಗುಡ್ಡೆ ಹಾಕಬೇಡಿ, ಮಳೆ ಬಂದರೆ ಜಾರಿ ಒಳಗೇ ಹೋಗುತ್ತದೆ. ದೂರ ಸಾಗಿಸಿ, ಒಣಗಿಸಿ, ಗೊಬ್ಬರದ ಗುಂಡಿಗೆ ಹಾಕಿ.

• ಮೆಕ್ಕೆಜೋಳಕ್ಕೆ ಮೊದಲ ಮೂವತ್ತು ನಲವತ್ತು ದಿನ ಕಸ ಇರಬಾರದು. ಆಮೇಲೆ ಅದರ ನೆರಳೇ ಕಾಯುತ್ತದೆ. ಎಡೆಕುಂಟೆ ಹೊಡೆದ ಮೇಲೆ ಗಿಡದ ಬುಡದಲ್ಲಿ ಉಳಿದದ್ದನ್ನು ಕೈಯಲ್ಲೇ ತೆಗೆಯಬೇಕು, ಕುಂಟೆಗೆ ಅದು ಸಿಗುವುದಿಲ್ಲ.

• ಜೋಳದ ಹೊಲದಲ್ಲಿ ಪೈರು ಕಾರಣವಿಲ್ಲದೆ ಬಾಡಿ, ಬುಡದಲ್ಲಿ ಬಿಳಿ ಹೂವಿನ ಪುಟ್ಟ ಗಿಡ ಕಂಡರೆ ಅದು ಸುಡುಮಲ್ಲಿಗೆ. ಬೇರಿಗೆ ಅಂಟಿ ರಸ ಹೀರುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣ, ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತದೆ. ಹೂವಿಗೆ ಮುಂಚೆ ಕಿತ್ತು, ಮುಂದಿನ ವರ್ಷ ಆ ಜಾಗಕ್ಕೆ ಜೋಳ ಬಿಟ್ಟು ಅಲಸಂದೆಯೋ ಶೇಂಗಾವೋ ಹಾಕಿ. ಆ ಬೇರಿನ ವಾಸನೆಗೆ ಬೀಜ ಮೊಳೆತು, ಅಂಟಿಕೊಳ್ಳಲು ಆಗದೆ ಸಾಯುತ್ತದೆ.

ಕಸವನ್ನು ಹೊರಗಿನಿಂದ ತರಬೇಡಿ

• ಬಾಡಿಗೆ ಟ್ರ್ಯಾಕ್ಟರ್, ಕೊಯ್ಲು ಯಂತ್ರ ನಿಮ್ಮ ಹೊಲಕ್ಕೆ ಇಳಿಯುವ ಮುಂಚೆ ಅಂಟಿದ ಮಣ್ಣು, ಒಳಗೆ ಸಿಕ್ಕ ಹೊಟ್ಟು ಕೊಡವಿಸಿ. ಹತ್ತು ನಿಮಿಷದ ಕೆಲಸ. ಸಂಕೋಚ ಬೇಡ, ಬಾಡಿಗೆ ನೀವೇ ಕೊಡುವುದು.

• ಹಸಿ ಸಗಣಿ ಗೊಬ್ಬರ ಹಾಕಬೇಡಿ. ದನ ತಿಂದ ಕಸದ ಬೀಜ ಅದರಲ್ಲಿ ಜೀವಂತ ಇರುತ್ತದೆ. ತಿಪ್ಪೆಯನ್ನು ಒಂದೆರಡು ಸಲ ಮಗುಚಿ, ಕಪ್ಪಗೆ ಪುಡಿಯಾದ ಮೇಲೆ ಹೇರಿ.

• ಕೆರೆ ಹೂಳು ಒಳ್ಳೆಯದು, ಆದರೆ ಎಲ್ಲ ಕಡೆ ಒಮ್ಮೆಗೇ ಹರಡಬೇಡಿ. ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಒಂದು ಮಳೆ ಕಾಯಿರಿ. ಜೇಕು, ಜಾಲಿ ಎದ್ದರೆ ಅಲ್ಲೇ ಕಾಣುತ್ತದೆ, ಅಲ್ಲೇ ಕೀಳಬಹುದು.

• ಮನೆಯಲ್ಲಿ ಇಟ್ಟ ಬಿತ್ತನೆ ಬೀಜವನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ ಬಿತ್ತಿ. ಸಂಜೆ ಹೊತ್ತು ಟಿವಿ ನೋಡುತ್ತಲೇ ಆಗುವ ಕೆಲಸ.

ಕಳೆನಾಶಕದ ಮಾತು

ಎಣ್ಣೆ ಹೊಡೆಯಲೇ ಬೇಡಿ ಅಂತ ನಾನು ಹೇಳುವುದಿಲ್ಲ. ಆಳು ಸಿಗದ ಕಾಲ, ಕಷ್ಟ ನನಗೂ ಗೊತ್ತು. ಆದರೆ ಇದರಲ್ಲಿ ನಿಮ್ಮ ಅಜಾಗರೂಕತೆ ನೋಡಿದರೆ ಹೆದರಿಕೆಯಾಗುತ್ತದೆ.

• ಯಾವ ಬೆಳೆಗೆ, ಯಾವ ಕಸಕ್ಕೆ ಅಂತ ಡಬ್ಬಿಯ ಮೇಲಿನ ಬರಹ ಓದಿ, ಇಲ್ಲವೇ ಓದಿಸಿಕೊಳ್ಳಿ. ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ತರಬೇಡಿ. ಮೆಕ್ಕೆಜೋಳಕ್ಕೆ ಹೊಡೆಯುವುದು ತೊಗರಿಗೆ ವಿಷ. ಗ್ಲೈಫೋಸೇಟ್ ಸಿಂಪರಣೆ ಪರವಾನಗಿ ಇರುವ ಕೀಟ ನಿಯಂತ್ರಕರಿಂದಲೇ ಆಗಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ, ಅದೂ ನೆನಪಿರಲಿ.

• ಪ್ಯಾರಾಕ್ವಾಟ್ ಎಂಬ ಹೆಸರು ಕಂಡರೆ ಮನೆಯೊಳಗೆ ತರಲೇಬೇಡಿ. ಅದಕ್ಕೆ ಮದ್ದಿಲ್ಲ, ಒಂದು ಗುಟುಕು ಸಾಕು ಜೀವ ಹೋಗಲು. ಉಳಿದ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದಿಡುವ ಚಾಳಿ ಇವತ್ತೇ ನಿಲ್ಲಿಸಿ, ಮನೆಯಲ್ಲಿ ಮಕ್ಕಳಿದ್ದಾರೆ.

• ಕಳೆಗೆ ಒಂದು ಕ್ಯಾನ್, ಬೆಳೆಗೆ ಒಂದು ಕ್ಯಾನ್ ಬೇರೆ ಬೇರೆ ಇಡಿ, ಬಣ್ಣ ಹಚ್ಚಿ ಗುರುತು ಮಾಡಿ. ತೊಳೆದೆ ಅಂದುಕೊಂಡ ಕ್ಯಾನಿನ ತಳದಲ್ಲಿ ಉಳಿದದ್ದಕ್ಕೇ ಮೆಣಸಿನ ಗಿಡ ಸುರುಟುತ್ತದೆ.

• ಗಾಳಿ ಇದ್ದಾಗ ಹೊಡೆಯಬೇಡಿ. ಬೆಳಗ್ಗೆ ಬೇಗ, ಎಲೆ ಅಲುಗದ ಹೊತ್ತು ಸರಿ. ಪಕ್ಕದವರ ಹತ್ತಿಗೆ ಹಾರಿದರೆ ಪರಿಹಾರ ಕೊಡಲು ಆಗುತ್ತದೆಯೇ?

• ಕ್ಯಾನನ್ನು ಕೆರೆಯಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ. ಸೂಳೆಕೆರೆ ನೀರನ್ನು ಎಷ್ಟು ಊರಿನವರು ಕುಡಿಯುತ್ತಾರೆ ಅಂತ ಒಮ್ಮೆ ಯೋಚಿಸಿ.

• ಏನು ಕಸ ಅಂತ ಗೊತ್ತಾಗದಿದ್ದರೆ ಗಿಡವನ್ನು ಬೇರು ಸಮೇತ ಕಾಗದದಲ್ಲಿ ಸುತ್ತಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಚನ್ನಗಿರಿ ಕಡೆಯವರಿಗೆ ಕತ್ತಲಗೆರೆ ಸಂಶೋಧನಾ ಕೇಂದ್ರ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇವೆ. ಕೇಳಲು ದುಡ್ಡು ಬೇಡ. ಫೋನಿನಲ್ಲಿ ವಿವರಿಸುವುದಕ್ಕಿಂತ ಗಿಡ ತೋರಿಸುವುದು ಒಳ್ಳೆಯದು.

ಹಸನಾದ ನೆಲವನ್ನು ಖಾಲಿ ಬಿಡಬೇಡಿ

• ಮೊದಲ ಮಳೆಗೇ ಬಿತ್ತಬೇಡಿ. ಆ ಮಳೆಗೆ ಕಸ ಮೊಳೆಯಲಿ, ಎರಡೆಲೆ ಆದಾಗ ಕುಂಟೆಯಲ್ಲಿ ಹರಗಿ. ಮುಂದಿನ ಹದಕ್ಕೆ ಬಿತ್ತಿ. ಹಳೇ ಬೀಜದಲ್ಲಿ ಒಂದು ದೊಡ್ಡ ಪಾಲು ಅಲ್ಲೇ ತೀರುತ್ತದೆ. ಮಳೆ ತಡವಾದ ವರ್ಷ ಜಗಳೂರಿನಲ್ಲಿ ಇಷ್ಟು ಕಾಯಲು ಆಗುವುದಿಲ್ಲ, ಅಲ್ಲಿ ಬೇಗ ಬಿತ್ತಿ ಬೇಗ ಎಡೆ ಹೊಡೆಯಿರಿ.

• ಬೆಳೆ ಹಾಕದ ಭಾಗಕ್ಕೆ ಸೆಣಬು, ಹುರುಳಿ ಚೆಲ್ಲಿ. ಬದುವಿಗೆ ಚೆಂಡು ಹೂ ಹಾಕಿ, ಪಾರ್ಥೇನಿಯಂಗೆ ಅದು ಜಾಗ ಬಿಡುವುದಿಲ್ಲ, ದಸರೆಗೆ ಹೂವೂ ಆಯಿತು.

• ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟು ಸುಡದೆ ಸಾಲಿನ ನಡುವೆ ನಾಲ್ಕು ಬೆರಳು ದಪ್ಪ ಹಾಸಿ. ಬೆಳಕು ಕಾಣದ ಬೀಜ ಸುಮ್ಮನಿರುತ್ತದೆ.

• ಎಲ್ಲವನ್ನೂ ಕಸ ಅಂತ ಕೀಳಿಸಬೇಡಿ. ಹೊನಗೊನ್ನೆ, ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ ಗುರುತು ಹಿಡಿದು ಮಡಿಲು ತುಂಬ ಕಿತ್ತು ತನ್ನಿ, ತೊಗರಿಬೇಳೆಗೆ ಹಾಕಿ ಬೆರಕೆ ಸೊಪ್ಪಿನ ಸಾರು ಮಾಡಿ. ಮನೆಯ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ, ಗಂಡುಮಕ್ಕಳಿಗೂ ಆ ಸೊಪ್ಪುಗಳನ್ನು ಹೊಲದಲ್ಲೇ ನಿಲ್ಲಿಸಿ ತೋರಿಸಿ. ಎಣ್ಣೆ ಹೊಡೆದ ಜಾಗದಿಂದ ಮಾತ್ರ ಒಂದೆಲೆಯನ್ನೂ ತರಬೇಡಿ.

• ಕಸ ತೆಗೆಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ದಿನಕ್ಕೊಂದು ಸುತ್ತು ಹಾಕಿಡಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆದರೆ ಕಣ್ಣಿಗೆ ಬೀಳುತ್ತದೆ.

• ಬದುವಿನ ಆಚೆ ಬದಿಯನ್ನೂ ಒಂದು ಮಾರು ಕಿತ್ತುಕೊಡಿ. ಪಕ್ಕದವರು ಊರಲ್ಲಿಲ್ಲದಿದ್ದರೆ ಫೋನ್ ಮಾಡಿ ಹೇಳಿ ಕೀಳಿ. ಅವರ ಕಡೆ ಬಿದ್ದ ಬೀಜ ಬದು ನೋಡಿ ನಿಲ್ಲುವುದಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದ ಕೃಷಿ ಸಂಸ್ಥೆಗಳು ಪಾರ್ಥೇನಿಯಂ ಜಾಗೃತಿ ಸಪ್ತಾಹ ಮಾಡುತ್ತವೆ. ನಮ್ಮ ಕಡೆ ಆಗ ನೆಲ ಹಸಿಯಿರುತ್ತದೆ, ಶ್ರಾವಣದ ಮಳೆಗೆ ಎದ್ದ ಹೊಸ ಗಿಡ ಇನ್ನೂ ಎಳೆಯದಿರುತ್ತದೆ. ಯಾರೋ ಬಂದು ಭಾಷಣ ಮಾಡಲಿ ಅಂತ ಕಾಯಬೇಡಿ. ಈ ಸಲ ಆ ವಾರ ನಿಮ್ಮ ಓಣಿಯ ನಾಲ್ಕು ಮನೆಯವರು ಒಬ್ಬರಿಗೊಬ್ಬರು ಮುಯ್ಯಾಳಾಗಿ, ದಿನಕ್ಕೊಬ್ಬರ ಹೊಲದಂತೆ, ಗವಸು ಹಾಕಿಕೊಂಡು ಬದುವಿಗೆ ಹೋಗಿ.